ಪ್ರೌಢಶಾಲೆಯ ಅಂಗಳದಲ್ಲಿ ಒಂದು ಗುಂಟೆ ಕೃಷಿ: ಜೂನ್‌ನಿಂದ ಏಪ್ರಿಲ್‌ವರೆಗೆ ಮಾಡಿ ಕಲಿಸುವ ಬಗೆ

ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಕಾರ್ಯಾನುಭವಕ್ಕೆಂದು ಒಂದು ಅವಧಿ ಇರುತ್ತದೆ. ಗಣಿತದ ಬಾಕಿ ಪಾಠಕ್ಕೋ ಇಂಗ್ಲಿಷಿನ ಪುನರಾವರ್ತನೆಗೋ ಅದನ್ನು ಬಿಟ್ಟುಕೊಡುವುದು ವಾಡಿಕೆಯಾಗಿಬಿಟ್ಟಿದೆ. ಆ ಅವಧಿಯನ್ನು ಉಳಿಸಿಕೊಂಡು, ಶಾಲೆಯ ಹಿತ್ತಲಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಂದ ನಿಜವಾದ ಕೃಷಿ ಮಾಡಿಸಬೇಕೆಂದಿರುವ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ ಈ ಲೇಖನ. ಕೃಷಿ ವಿಷಯಕ್ಕೆ ಪ್ರತ್ಯೇಕ ತರಬೇತುದಾರರಿರುವ ಶಾಲೆಗಳು ಕೆಲವೇ ಕೆಲವು. ಉಳಿದ ಶಾಲೆಗಳಲ್ಲಿ ವಿಜ್ಞಾನದ ಮೇಷ್ಟ್ರೋ ದೈಹಿಕ ಶಿಕ್ಷಕರೋ ಮುಂದೆ ಬಂದರೆ ಮಾತ್ರ ಈ ಕೆಲಸ ನಡೆಯುತ್ತದೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ದುಡಿಯುತ್ತಾ ಕಲಿಯುವ ವಿಚಾರ ನಮಗೆ ಹೊಸದಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮೂಲಶಿಕ್ಷಣದ ಕಲ್ಪನೆಯನ್ನು ಮುಂದಿಟ್ಟರು. 1952-53ರ ಮೊದಲಿಯಾರ್ ಆಯೋಗ ಕೃಷಿ, ತಾಂತ್ರಿಕ ವಿಷಯಗಳನ್ನೂ ಕಲಿಸುವ ವಿವಿಧೋದ್ದೇಶ ಪ್ರೌಢಶಾಲೆಗಳು ಬೇಕೆಂದಿತು, 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಎಲ್ಲ ಮಕ್ಕಳಿಗೂ ಇರಲಿ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವೃತ್ತಿಶಿಕ್ಷಣವನ್ನು ಸಾಮಾನ್ಯ ಶಿಕ್ಷಣದೊಳಗೆ ತರಬೇಕೆಂದೇ ಹೇಳುತ್ತದೆ. ಇಷ್ಟಾದರೂ ನೆಲದ ಮೇಲೆ ನಿಂತದ್ದು ಕಡಿಮೆ. ನಿಂತವುಗಳಲ್ಲಿ ನಾವು ನೋಡಿ ಕಲಿಯಬೇಕಾದದ್ದು ಪುಣೆ ಬಳಿಯ ಪಾಬಳ್ ಗ್ರಾಮದ ವಿಜ್ಞಾನ ಆಶ್ರಮ. ಡಾ. ಎಸ್.ಎಸ್. ಕಲಬಾಗ್ 1983ರಲ್ಲಿ ಕಟ್ಟಿದ ಸಂಸ್ಥೆ ಅದು. ಎಂಟರಿಂದ ಹತ್ತನೇ ತರಗತಿಯ ಮಕ್ಕಳು ವಾರದಲ್ಲಿ ಒಂದು ಪೂರ್ಣ ದಿನ ಕೈಕೆಲಸ ಮಾಡುವ ಪಠ್ಯಕ್ರಮವನ್ನು ಅವರು ರೂಪಿಸಿದರು. ಕೃಷಿ ಮತ್ತು ಪಶುಪಾಲನೆ, ಕಟ್ಟಡ ಮತ್ತು ಯಂತ್ರದ ಕೆಲಸ, ವಿದ್ಯುತ್ತು ಮತ್ತು ಪರಿಸರ, ಮನೆ ಮತ್ತು ಆರೋಗ್ಯ ಎಂಬ ನಾಲ್ಕು ವಿಭಾಗಗಳು ಅದರಲ್ಲಿವೆ. ವಾರಕ್ಕೊಂದು ಪೂರ್ಣ ದಿನ ಎಂಬುದನ್ನು ಗಮನಿಸಿ. ನಲವತ್ತು ನಿಮಿಷದಲ್ಲಿ ಗುದ್ದಲಿ ತೆಗೆದು, ಕೈಕಾಲು ತೊಳೆದು ತರಗತಿಗೆ ಮರಳುವುದಷ್ಟೇ ಆಗುತ್ತದೆ, ನಡುವೆ ಕೆಲಸ ಆಗುವುದಿಲ್ಲ.

ಹೆಜ್ಜೆ 1: ಮಣ್ಣು ಮುಟ್ಟುವ ಮೊದಲು ಪೋಷಕರನ್ನು ಕೂಡಿಸಿ

ಶಾಲೆ ತೆರೆದ ಮೊದಲ ಎರಡು ವಾರದೊಳಗೆ ಪೋಷಕರ ಸಭೆ ಕರೆಯಿರಿ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಮೇಷ್ಟ್ರೇ, ಮಣ್ಣು ಹೊರುವುದನ್ನು ಕಲಿಯಲು ಮಗನನ್ನು ಶಾಲೆಗೆ ಏಕೆ ಕಳಿಸಬೇಕು? ಅದು ಮನೆಯಲ್ಲೇ ಇದೆಯಲ್ಲ.” ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಲದಲ್ಲಿ ಬೆನ್ನು ಮುರಿಯುವಂತೆ ದುಡಿದೂ ಸಾಲ ತೀರಿಸಲಾಗದವರು ಮಗುವನ್ನಾದರೂ ಆ ಕಷ್ಟದಿಂದ ಪಾರು ಮಾಡಬೇಕೆಂದು ಶಾಲೆಗೆ ಕಳಿಸಿರುತ್ತಾರೆ. ಅವರಿಗೆ ಕೊಡುವ ಉತ್ತರ ಸ್ಪಷ್ಟವಾಗಿರಬೇಕು. ಇಲ್ಲಿ ಮಗು ಮಣ್ಣು ಪರೀಕ್ಷೆ ಮಾಡುತ್ತದೆ, ಬೀಜದ ಗುಣ ಅಳೆಯುತ್ತದೆ, ಖರ್ಚು-ವೆಚ್ಚ ಬರೆಯುತ್ತದೆ, ವಿಜ್ಞಾನ ಮತ್ತು ಗಣಿತದ ಪಾಠವನ್ನೇ ಇನ್ನೊಂದು ರೀತಿಯಲ್ಲಿ ಕಲಿಯುತ್ತದೆ. ವಾರಕ್ಕೆ ಎಷ್ಟು ಹೊತ್ತು, ಯಾವ ಕೆಲಸ, ಬೆಳೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ಸಭೆಯಲ್ಲೇ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ.

ಇದೇ ಸಭೆಯಲ್ಲಿ ಮೂರು ಮಾತು ಕೊಡಿ. ತೋಟದ ಕೆಲಸವನ್ನು ಎಂದೂ ಶಿಕ್ಷೆಯಾಗಿ ಕೊಡುವುದಿಲ್ಲ. ತಡವಾಗಿ ಬಂದವನಿಗೆ, ಹೋಂವರ್ಕ್ ಮಾಡದವಳಿಗೆ “ಹೋಗಿ ಕಳೆ ಕೀಳು” ಎಂದ ದಿನವೇ ಕೃಷಿ ಎಂದರೆ ದಂಡನೆ ಎಂದು ಮಗು ಕಲಿತುಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದು ನೆನಪಿರಲಿ. ಎರಡನೆಯದು, ಶಾಲೆಯ ಆವರಣಕ್ಕೆ ಯಾವ ರಾಸಾಯನಿಕ ಕೀಟನಾಶಕವೂ ಬರುವುದಿಲ್ಲ. ಮೂರನೆಯದು, ಎಲ್ಲ ಕೆಲಸವನ್ನೂ ಎಲ್ಲ ಮಕ್ಕಳೂ ಸರದಿಯಂತೆ ಮಾಡುತ್ತಾರೆ.

ಮೂರನೆಯದು ಕಾಗದದ ಮೇಲೆ ಸುಲಭ, ನಡೆಸುವುದು ಕಷ್ಟ. ಬಿಟ್ಟುಬಿಟ್ಟರೆ ಹುಡುಗಿಯರು ಗುಡಿಸುತ್ತಾರೆ, ಹುಡುಗರು ಅಗೆಯುತ್ತಾರೆ, ಸಗಣಿ ಕಲಸುವ ಕೆಲಸ ಕೆಲವೇ ಮನೆಗಳ ಮಕ್ಕಳ ಪಾಲಿಗೆ ಬೀಳುತ್ತದೆ. ಯಾರೂ ಹೇಳಬೇಕಾಗಿಲ್ಲ, ಊರು ಆ ಮಕ್ಕಳಿಗೆ ಅದನ್ನು ಮೊದಲೇ ಹೇಳಿಕೊಟ್ಟಿರುತ್ತದೆ. ಆದ್ದರಿಂದ ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಹೆಸರು ಹಿಡಿದು ಓದಿ. ಸಗಣಿ ಕಲಸುವ ಮೊದಲ ದಿನ ಶಿಕ್ಷಕರ ಕೈ ಮೊದಲು ಬಕೆಟ್ಟಿಗೆ ಇಳಿಯಲಿ. ಅದಕ್ಕಿಂತ ಒಳ್ಳೆಯ ಪೌರನೀತಿ ಪಾಠ ನನಗೆ ಗೊತ್ತಿಲ್ಲ.

ಹೆಜ್ಜೆ 2: ಜಾಗ ಅಳೆಯಿರಿ, ನೀರು ಅಳೆಯಿರಿ

ಒಂದು ಗುಂಟೆ ಸಾಕು. ಎಕರೆಗಟ್ಟಲೆ ಜಾಗವಿದ್ದರೂ ಮೊದಲ ವರ್ಷ ಒಂದೇ ಗುಂಟೆಗೆ ಕೈ ಹಾಕಿ. 33 ಅಡಿಗೆ 33 ಅಡಿ, ಅಂದರೆ 1089 ಚದರಡಿ. ಹಗ್ಗ, ಗೂಟ, ಟೇಪು ಕೊಟ್ಟು ಮಕ್ಕಳಿಂದಲೇ ಅಳೆಸಿ. ಮೂಲೆ ಲಂಬಕೋನವಾಗಿದೆಯೇ ಎಂದು ನೋಡಲು 3, 4, 5 ಅಡಿಯ ಹಗ್ಗ ಹಿಡಿಸಿ, ಪೈಥಾಗೊರಸ್ ಪ್ರಮೇಯ ಅಲ್ಲೇ ಕೆಲಸಕ್ಕೆ ಬರುತ್ತದೆ. ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಮಡಿಗಳನ್ನು ಮಾಡಿ, ನಡುವೆ ಒಂದೂವರೆ ಅಡಿ ದಾರಿ ಬಿಟ್ಟರೆ 21 ಮಡಿ ಹಿಡಿಯುತ್ತವೆ. ಮೂರು ಅಡಿಗಿಂತ ಅಗಲ ಮಾಡಿದರೆ ನಡುವಿನ ಗಿಡಕ್ಕೆ ಮಗುವಿನ ಕೈ ಎಟುಕುವುದಿಲ್ಲ, ಮಡಿಯೊಳಗೆ ಕಾಲಿಟ್ಟು ಮಣ್ಣು ತುಳಿಯುತ್ತಾರೆ. ನಲವತ್ತು ಮಕ್ಕಳಿದ್ದರೆ ನಾಲ್ವರಂತೆ ಹತ್ತು ಗುಂಪು, ಗುಂಪಿಗೊಂದು ಸ್ವಂತ ಮಡಿ. ಉಳಿದವು ಸಸಿಮಡಿ, ಗೊಬ್ಬರದ ಗುಂಡಿ ಮತ್ತು ಎಲ್ಲರಿಗೂ ಸೇರಿದ ಪ್ರಯೋಗದ ಮಡಿಗಳಿಗೆ.

ನೀರಿನ ಲೆಕ್ಕ ಜಾಗದ ಲೆಕ್ಕಕ್ಕಿಂತ ಮುಖ್ಯ. ಬಿಸಿಲಿನ ದಿನದಲ್ಲಿ ಇಂಥ ಒಂದು ಮಡಿಗೆ ಸುಮಾರು ಒಂದು ಕೊಡ, ಅಂದರೆ ಹನ್ನೆರಡರಿಂದ ಹದಿನೈದು ಲೀಟರ್ ನೀರು ದಿನವೂ ಬೇಕು. ಎಲ್ಲ ಮಡಿಗಳಲ್ಲೂ ಬೆಳೆ ನಿಂತರೆ ದಿನಕ್ಕೆ ಮುನ್ನೂರು ಲೀಟರ್ ಹತ್ತಿರ ಹೋಗುತ್ತದೆ. ಅಷ್ಟು ಇಲ್ಲವೆಂದರೆ ಮಡಿ ಕಡಿಮೆ ಮಾಡಿ. ಮಕ್ಕಳು ಮಧ್ಯಾಹ್ನ ತಟ್ಟೆ ಕೈ ತೊಳೆಯುವ ನೀರನ್ನು ಕಾಲುವೆ ತೋಡಿ ಬಾಳೆ, ಕೆಸುವಿನ ಕಡೆ ತಿರುಗಿಸಿ. ಶಾಲೆಯ ಚಾವಣಿ ನೂರು ಚದರ ಮೀಟರ್ ಇದ್ದು ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು ಇಳಿಯುತ್ತದೆ. ಹಳೆಯ ಡ್ರಮ್ಮೊಂದನ್ನು ಚಾವಣಿಯ ಕೊಳವೆಗೆ ಹೊಂದಿಸಿ ಎಷ್ಟು ತುಂಬಿತೆಂದು ಮಕ್ಕಳು ಅಳೆದರೆ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದೇಕೆಂದು ಅವರಿಗೆ ತಾನಾಗಿ ತಿಳಿಯುತ್ತದೆ.

ಬೇಲಿ ಇಲ್ಲದೆ ಬಿತ್ತಬೇಡಿ. ದನ, ಮೇಕೆಗೆ ಬಿದಿರು ಅಥವಾ ಹಳೆಯ ಮೀನಿನ ಬಲೆ ಸಾಕಾಗುತ್ತದೆ. ಅದರ ಒಳಬದಿಗೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ನುಗ್ಗೆ, ಕರಿಬೇವು ನೆಟ್ಟರೆ ಎರಡು ವರ್ಷದಲ್ಲಿ ಜೀವಂತ ಬೇಲಿಯಾಗುತ್ತದೆ. ಮಂಗಗಳ ಕಾಟವಿರುವ ಮಲೆನಾಡಿನಲ್ಲಿ ಸುವರ್ಣಗೆಡ್ಡೆ, ಅರಿಶಿನ, ಶುಂಠಿಯಂಥ ನೆಲದಡಿಯ ಬೆಳೆಗೆ ಹೆಚ್ಚು ಮಡಿ ಕೊಡುವುದು ಜಾಣತನ.

ಹೆಜ್ಜೆ 3: ಶಾಲೆಯ ಪಂಚಾಂಗಕ್ಕೆ ಬೆಳೆಯ ಪಂಚಾಂಗ ಹೊಂದಿಸಿ

ಶಾಲಾ ತೋಟಗಳು ಹಾಳಾಗುವುದು ರಜೆಯಲ್ಲಿ. ಹಾಗಾಗಿ ಯಾವ ಬೆಳೆ ಎಂದು ಯೋಚಿಸುವ ಮೊದಲು ರಜೆ ಯಾವಾಗ ಎಂದು ನೋಡಿ. ಬಯಲುಸೀಮೆಯಲ್ಲಿ ಜೂನ್ ಕೊನೆಗೆ ಹರಿವೆ, ದಂಟು, ಮೆಂತ್ಯದಂಥ ಸೊಪ್ಪು ಬಿತ್ತಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಕೊಯ್ಲಿಗೆ ಬರುತ್ತವೆ, ಮಕ್ಕಳ ಉತ್ಸಾಹ ಆರುವ ಮೊದಲೇ ಫಲ ಕೈಗೆ ಸಿಗುತ್ತದೆ. ಜುಲೈ ಮೊದಲ ವಾರ ಬೆಂಡೆ. ನಲವತ್ತೈದರಿಂದ ಐವತ್ತು ದಿನಕ್ಕೆ ಮೊದಲ ಕೊಯ್ಲು, ದಸರೆಯ ಹೊತ್ತಿಗೆ ಮುಗಿಯುತ್ತದೆ. ದಸರಾ ರಜೆಯಲ್ಲಿ ನೆಲದಲ್ಲಿ ಉಳಿಯಬೇಕಾದದ್ದು ಅವರೆ, ತೊಗರಿಯಂಥ ತಡೆದುಕೊಳ್ಳುವ ಬೆಳೆ ಮಾತ್ರ. ರಜೆ ಮುಗಿಸಿ ಬಂದ ಮೇಲೆ ಟೊಮೆಟೊ, ಬದನೆ, ಮೂಲಂಗಿ. ಫೆಬ್ರುವರಿಗೆ ಮಡಿಗಳು ಖಾಲಿಯಾಗಬೇಕು, ಆಮೇಲೆ ಹತ್ತನೆಯವರಿಗೆ ಪರೀಕ್ಷೆಯದೇ ಚಿಂತೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್-ಜುಲೈ ಮಳೆಗೆ ಸೊಪ್ಪಿನ ಮಡಿ ಕೊಚ್ಚಿಹೋಗುತ್ತದೆ. ಅಲ್ಲಿ ಆ ತಿಂಗಳುಗಳನ್ನು ನರ್ಸರಿಗೂ ಕಸಿಗೂ ಇಟ್ಟುಕೊಂಡು, ಅಲಸಂಡೆ, ಬಸಳೆ, ಹರಿವೆಯನ್ನು ಸೆಪ್ಟೆಂಬರ್ ನಂತರ ಏರುಮಡಿಯಲ್ಲಿ ಮಾಡಿ. ವಿಜಯಪುರ, ಕಲಬುರಗಿಯ ಕಪ್ಪು ಮಣ್ಣಿನಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆದರೆ ಪುಂಡಿಪಲ್ಯೆ, ಮೆಂತ್ಯೆ, ಹೀರೆ ಚೆನ್ನಾಗಿ ಬರುತ್ತವೆ. ಊರಿನವರು ಯಾವುದನ್ನು ದಿನವೂ ತಿನ್ನುತ್ತಾರೋ ಅದನ್ನೇ ಬೆಳೆಸಿ. ಬ್ರೊಕೊಲಿ ಬೆಳೆದು ಫೋಟೊ ತೆಗೆಸಿಕೊಳ್ಳುವುದರಿಂದ ಮಕ್ಕಳಿಗೇನೂ ಸಿಗುವುದಿಲ್ಲ.

ಅವರೆಯ ವಿಷಯ ಹೇಳಲೇಬೇಕು. ನಾಟಿ ಅವರೆಯನ್ನು ಯಾವಾಗ ಬಿತ್ತಿದರೂ ಹಗಲು ಕಿರಿದಾಗುವವರೆಗೆ ಅದು ಹೂ ಬಿಡುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-4ಕ್ಕೆ ಹಗಲಿನ ಉದ್ದದ ಹಂಗಿಲ್ಲ, ವರ್ಷದ ಯಾವ ಕಾಲದಲ್ಲೂ ಹೂ ಬಿಡುತ್ತದೆ. ಎರಡನ್ನೂ ಜುಲೈಯಲ್ಲಿ ಒಂದೇ ದಿನ ಅಕ್ಕಪಕ್ಕದ ಮಡಿಗೆ ಹಾಕಿ, ಮೊದಲ ಹೂವಿನ ದಿನಾಂಕ ಬರೆಯಿಸಿ. ಸೂರ್ಯೋದಯ, ಸೂರ್ಯಾಸ್ತದ ಸಮಯ ಪಂಚಾಂಗದಲ್ಲೋ ಕ್ಯಾಲೆಂಡರಿನಲ್ಲೋ ಸಿಗುತ್ತದೆ. ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟನ್ನು ಮಕ್ಕಳು ತಾವೇ ಕಂಡುಹಿಡಿಯಲಿ, ನೀವು ಮುಂಚಿತವಾಗಿ ಹೇಳಬೇಡಿ.

ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಎರಡು ಅವಧಿಗಳನ್ನು ಒಟ್ಟಿಗೆ ಜೋಡಿಸಿ, ಸಾಧ್ಯವಾದರೆ ಶನಿವಾರ ಬೆಳಗ್ಗೆ. ದಿನನಿತ್ಯದ ನೀರುಣಿಸುವಿಕೆಗೆ ಪ್ರಾರ್ಥನೆಗೆ ಮುಂಚಿನ ಹದಿನೈದು ನಿಮಿಷ, ಸರದಿಯ ಗುಂಪು.

ಹೆಜ್ಜೆ 4: ಮಣ್ಣು

ತೋಟದ ನಾಲ್ಕೈದು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಆರು ಅಂಗುಲ ಆಳದ ಗುಂಡಿ ತೆಗೆದು, ಅಂಚಿನಿಂದ ತೆಳುವಾಗಿ ಮಣ್ಣು ಕೆರೆದು ಬೆರೆಸಿ. ರಾಶಿಯನ್ನು ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಟ್ಟು, ಉಳಿದದ್ದನ್ನು ಮತ್ತೆ ಬೆರೆಸುತ್ತಾ ಅರ್ಧ ಕೆಜಿಗೆ ಇಳಿಸಿ. ನೆರಳಲ್ಲಿ ಒಣಗಿಸಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಪರೀಕ್ಷೆಗೆ ಕೊಡಿ. ಫಲಿತಾಂಶ ಬರುವವರೆಗೆ ಕಾಯುವ ಅಗತ್ಯವಿಲ್ಲ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿ ಒಂದು ದಿನ ಬಿಟ್ಟರೆ ಮರಳು ತಳಕ್ಕೆ, ಗೋಡು ನಡುವೆ, ಜೇಡಿ ಮೇಲೆ ಪದರಗಟ್ಟುತ್ತವೆ. ಸ್ಕೇಲಿನಿಂದ ಅಳೆದು ಶೇಕಡಾವಾರು ತೆಗೆಯಿಸಿ. ಮನೆಯ ಹೊಲದ ಮಣ್ಣನ್ನೂ ತರಲು ಹೇಳಿದರೆ ಊರಿನ ಮಣ್ಣಿನ ನಕ್ಷೆಯೇ ಕಪಾಟಿನ ಮೇಲೆ ಸಾಲಾಗಿ ನಿಲ್ಲುತ್ತದೆ.

ತರಕಾರಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂಬುದು ಸಾಮಾನ್ಯ ಶಿಫಾರಸು. ನಮ್ಮ ಮೂವತ್ತು ಚದರಡಿಯ ಮಡಿಗೆ ಎಷ್ಟು? ಉತ್ತರ ಸುಮಾರು ಏಳು ಕೆಜಿ. ಅದನ್ನು ನೀವು ಹೇಳದೆ ಮಕ್ಕಳಿಂದ ತೆಗೆಯಿಸಿ. ಎಕರೆ, ಹೆಕ್ಟೇರು, ಗುಂಟೆ, ಚದರ ಮೀಟರುಗಳ ನಡುವೆ ಓಡಾಡುವ ಇಂಥ ಲೆಕ್ಕ ಪಠ್ಯಪುಸ್ತಕದಲ್ಲಿ ಅಪರೂಪ, ಬದುಕಿನಲ್ಲಿ ದಿನವೂ ಬೇಕು.

ಹೆಜ್ಜೆ 5: ಬಿತ್ತುವ ಮುಂಚೆ ಬೀಜವನ್ನು ಪರೀಕ್ಷಿಸಿ

ಇಡೀ ಕಾರ್ಯಕ್ರಮದಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯ ಎಂದಾದರೆ ಇದನ್ನು ಮಾಡಿ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯ ಮೇಲೆ ಹತ್ತರಂತೆ ಹತ್ತು ಸಾಲು, ಒಟ್ಟು ನೂರು ಬೆಂಡೆ ಬೀಜಗಳನ್ನು ಜೋಡಿಸಿ. ಬಟ್ಟೆಯನ್ನು ಸಡಿಲವಾಗಿ ಸುರುಳಿ ಸುತ್ತಿ ನೆರಳಿನಲ್ಲಿಡಿ, ಒಣಗದಂತೆ ನೀರು ಚಿಮುಕಿಸುತ್ತಿರಿ. ಆರೇಳು ದಿನಕ್ಕೆ ಬಿಚ್ಚಿ ಎಣಿಸಿದರೆ ಬಂದ ಸಂಖ್ಯೆಯೇ ಶೇಕಡಾ ಮೊಳಕೆ ಪ್ರಮಾಣ. ಬೀಜದ ಪೊಟ್ಟಣದ ಮೇಲೆ ಕನಿಷ್ಠ ಮೊಳಕೆ ಪ್ರಮಾಣ ಮುದ್ರಿಸಿರುತ್ತಾರೆ, ಬೆಂಡೆಗೆ ಅದು 65. ಪೊಟ್ಟಣದಲ್ಲಿರುವುದಕ್ಕೂ ಬಟ್ಟೆಯಲ್ಲಿರುವುದಕ್ಕೂ ತಾಳೆ ನೋಡುವುದನ್ನು ಕಲಿತ ಮಗು ಮುಂದೆ ಅಪ್ಪನ ಜೊತೆ ಬೀಜದ ಅಂಗಡಿಗೆ ಹೋದಾಗ ರಸೀದಿ ಕೇಳುತ್ತದೆ, ಲಾಟ್ ಸಂಖ್ಯೆ ನೋಡುತ್ತದೆ, ಪೊಟ್ಟಣವನ್ನು ಎಸೆಯದೆ ಎತ್ತಿಡುತ್ತದೆ. ಬೀಜ ಕಳಪೆಯಾದರೆ ದೂರು ಕೊಡಲು ಬೇಕಾಗುವುದು ಆ ಮೂರೇ.

ಈಗ ಹತ್ತನೇ ತರಗತಿಗೆ ಸಂಭವನೀಯತೆಯ ಲೆಕ್ಕ. ಎರಡು ಅಡಿ ಅಂತರದ ಎರಡು ಸಾಲು, ಸಾಲಿನಲ್ಲಿ ಅಡಿಗೊಂದು ಗುಣಿ; ಒಂದು ಮಡಿಗೆ ಇಪ್ಪತ್ತು ಗುಣಿ. ನೂರಕ್ಕೆ 65 ಮಾತ್ರ ಮೊಳೆಯುವ ಬೀಜವನ್ನು ಗುಣಿಗೊಂದರಂತೆ ಹಾಕಿದರೆ ಏಳು ಗುಣಿ ಖಾಲಿ ಬೀಳುತ್ತದೆ. ಗುಣಿಗೆರಡು ಹಾಕಿದರೆ? ಎರಡೂ ಮೊಳೆಯದಿರುವ ಸಾಧ್ಯತೆ 0.35ರ ವರ್ಗ, ಅಂದರೆ 0.12. ಇಪ್ಪತ್ತರಲ್ಲಿ ಖಾಲಿ ಬೀಳುವುದು ಎರಡೋ ಮೂರೋ. ಅಜ್ಜಿಯರು ಗುಣಿಗೆ ಎರಡು ಕಾಳು ಹಾಕುತ್ತಿದ್ದರ ಹಿಂದಿನ ಗಣಿತ ಇದು. ವಾರ ಬಿಟ್ಟು ಮಕ್ಕಳು ತಮ್ಮ ಮಡಿಯ ಖಾಲಿ ಗುಣಿ ಎಣಿಸಿ ಲೆಕ್ಕಕ್ಕೆ ಹೋಲಿಸುವಾಗ ಅವರ ಮುಖ ನೋಡಬೇಕು.

ಬೀಜವನ್ನು ಬಿತ್ತುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ. ಹೈಬ್ರಿಡ್ ಬೇಡ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕದಂಥ ತಳಿಯನ್ನೋ ಊರಿನ ನಾಟಿಯನ್ನೋ ತನ್ನಿ. ಹೈಬ್ರಿಡ್ ಗಿಡದಿಂದ ಎತ್ತಿಟ್ಟ ಬೀಜ ಮರುವರ್ಷ ಅದೇ ಗುಣ ಕೊಡುವುದಿಲ್ಲ, ನಮಗೋ ಬೀಜ ಉಳಿಸುವುದನ್ನೂ ಕಲಿಸಬೇಕು.

ಹೆಜ್ಜೆ 6: ಮಡಿ ಅವರದು, ತೀರ್ಮಾನವೂ ಅವರದಾಗಲಿ

ಪ್ರತಿ ಗುಂಪೂ ತನ್ನ ಮಡಿಯಲ್ಲಿ ಒಂದು ಪ್ರಶ್ನೆ ಇಟ್ಟುಕೊಳ್ಳಲಿ. ಅರ್ಧ ಮಡಿಗೆ ಒಣ ಎಲೆಯ ಹೊದಿಕೆ, ಇನ್ನರ್ಧ ಬರಿ ನೆಲ: ಕಳೆ ಯಾವುದರಲ್ಲಿ ಹೆಚ್ಚು, ತೇವ ಎಲ್ಲಿ ಉಳಿಯಿತು? ಅರ್ಧಕ್ಕೆ ಜೀವಾಮೃತ, ಇನ್ನರ್ಧಕ್ಕೆ ಬರಿ ನೀರು: ಇಳುವರಿಯಲ್ಲಿ ವ್ಯತ್ಯಾಸ ಉಂಟೇ? ಜೀವಾಮೃತವನ್ನು ಶಾಲೆಯ ಅಳತೆಗೆ ಇಳಿಸಿಕೊಂಡರೆ ಇಪ್ಪತ್ತು ಲೀಟರ್ ನೀರಿಗೆ ಒಂದು ಕೆಜಿ ಸಗಣಿ, ಒಂದು ಲೀಟರ್ ಗಂಜಲ, ಇನ್ನೂರು ಗ್ರಾಂ ಬೆಲ್ಲ, ಇನ್ನೂರು ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುವಿ, ಎರಡು ದಿನದ ಮೇಲೆ ಬಳಸಿ. ವ್ಯತ್ಯಾಸ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಲಿ. ಶಿಕ್ಷಕರಿಗೆ ಇಷ್ಟವಾದ ಉತ್ತರ ಬರೆಯುವ ಅಭ್ಯಾಸದಿಂದ ಮಕ್ಕಳನ್ನು ಬಿಡಿಸಲು ತೋಟದಷ್ಟು ಒಳ್ಳೆಯ ಜಾಗವಿಲ್ಲ.

ಒಂದು ಗುಂಪು ನೀರು ಹೆಚ್ಚು ಹಾಕಿ ಸಸಿ ಕೊಳೆಸಿಕೊಂಡರೆ ನೀವು ಓಡಿಹೋಗಿ ಸರಿಪಡಿಸಬೇಡಿ. ಮರುಬಿತ್ತನೆಗೆ ಬೀಜ ಕೊಡಿ, ಏಕೆ ಹೀಗಾಯಿತೆಂದು ಅವರೇ ಬರೆಯಲಿ.

ಹೆಜ್ಜೆ 7: ಹುಳು, ರೋಗ, ವಿಷದ ಡಬ್ಬಿಯ ಪಾಠ

ಹುಳು ಕಂಡ ಕೂಡಲೇ ಸಿಂಪಡಿಸುವುದಲ್ಲ, ಮೊದಲು ಎಣಿಸುವುದು. ಹತ್ತು ಗಿಡದ ಎಲೆಯ ಅಡಿಭಾಗ ನೋಡಿ ಬಿಳಿನೊಣ, ಹಸಿರು ಜಿಗಿಹುಳು, ಸಸ್ಯಹೇನು ಎಷ್ಟೆಂದು ಬರೆಯಿಸಿ. ಗುಲಗಂಜಿ ಹುಳು ಸಸ್ಯಹೇನನ್ನು ತಿನ್ನುತ್ತದೆ, ಅದನ್ನು ಕೊಲ್ಲಬಾರದು ಎಂಬುದು ಗಿಡದ ಮುಂದೆ ಕುಳಿತವರಿಗೆ ಬೇಗ ಗೊತ್ತಾಗುತ್ತದೆ. ಬೆಂಡೆಯ ಎಲೆನರ ಹಳದಿಯಾಗುವ ನಂಜುರೋಗವನ್ನು ಹರಡುವುದು ಬಿಳಿನೊಣ. ಹಳದಿ ಬಣ್ಣ ಬಳಿದ ತಗಡಿಗೆ ಹರಳೆಣ್ಣೆ ಸವರಿ ಗಿಡದ ಎತ್ತರಕ್ಕೆ ನಿಲ್ಲಿಸಿದರೆ ಅವು ಬಂದು ಅಂಟಿಕೊಳ್ಳುತ್ತವೆ. ನಂಜು ತಗುಲಿದ ಗಿಡವನ್ನು ಕಿತ್ತು ಹೂಳಬೇಕು. ಅದಕ್ಕೂ ಬಗ್ಗದಿದ್ದರೆ ಬೇವಿನ ಬೀಜದ ಕಷಾಯ: ಲೀಟರಿಗೆ ಐವತ್ತು ಗ್ರಾಂ ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಶೋಧಿಸಿ, ಚೂರು ಸೋಪು ಕರಗಿಸಿ ಸಂಜೆ ಹೊತ್ತು ಸಿಂಪಡಿಸುವುದು.

ವಿಷದ ಡಬ್ಬಿಯನ್ನು ಶಾಲೆಗೆ ತರಬಾರದು ನಿಜ, ಆದರೆ ಅದರ ಮೇಲಿನ ಗುರುತನ್ನು ಓದಲು ಕಲಿಸಲೇಬೇಕು. ಚಿತ್ರ ಬರೆದು ತೋರಿಸಿ: ಕೆಂಪು ತ್ರಿಕೋನ ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಡಬಾರದು. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದಬಾರದು. ಈ ಮಾತುಗಳು ಮಕ್ಕಳ ಮೂಲಕ ಮನೆಗೆ ಹೋದರೆ ಜೀವ ಉಳಿಯುತ್ತದೆ.

ಸಲಕರಣೆಗಳ ವಿಷಯ ಚುಟುಕಾಗಿ: ಮಕ್ಕಳ ಎತ್ತರಕ್ಕೆ ತಕ್ಕ ಕಾವಿನ ಸಣ್ಣ ಗುದ್ದಲಿ ಐದು, ಕಳೆ ಕೀಳುವ ಕೈಸಲಕರಣೆ (ಕುರ್ಚಿಗೆ) ಹತ್ತು, ಬಾಂಡ್ಲಿ, ಹೂಜಿಯಂತೆ ಸುರಿಯುವ ನೀರಿನ ಕ್ಯಾನು, ತಕ್ಕಡಿ. ಮಚ್ಚು, ಹಾರೆ ದೊಡ್ಡವರ ಕೈಯಲ್ಲಿರಲಿ. ಬರಿಗಾಲು ಬೇಡ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೋಟದ ಬಾಗಿಲಲ್ಲೇ ಇರಲಿ. ಹತ್ತು ಮತ್ತು ಹದಿನಾರನೇ ವಯಸ್ಸಿನಲ್ಲಿ ಕೊಡುವ, ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಟಿಡಿ ಲಸಿಕೆ ಮಕ್ಕಳಿಗೆ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯಿಂದ ಖಚಿತಪಡಿಸಿಕೊಳ್ಳಿ.

ಹೆಜ್ಜೆ 8: ಲೆಕ್ಕದ ಪುಸ್ತಕ

ಗುಂಪಿಗೊಂದು ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ. ದಿನಾಂಕ, ಮಾಡಿದ ಕೆಲಸ, ಯಾರು ಯಾರು, ಎಷ್ಟು ಹೊತ್ತು, ಕೊಂಡದ್ದಕ್ಕೆ ಎಷ್ಟು ರೂಪಾಯಿ, ಕೊಯ್ದದ್ದು ಎಷ್ಟು ಗ್ರಾಂ, ಯಾರಿಗೆ ಕೊಟ್ಟಿರಿ. ಮನೆಯಿಂದ ತಂದ ಗೊಬ್ಬರಕ್ಕೂ ಊರಿನ ಬೆಲೆ ಕಟ್ಟಬೇಕು. ಕೊಯ್ದದ್ದನ್ನು ಅಕ್ಷರ ದಾಸೋಹದ ಅಡುಗೆಮನೆಗೆ ತೂಗಿ ಕೊಟ್ಟು, ಅಡುಗೆಯ ಅಮ್ಮನವರಿಂದ ಪುಸ್ತಕಕ್ಕೆ ಸಹಿ ಹಾಕಿಸಬೇಕು. ಅಂದಿನ ಸಾರಿನಲ್ಲಿ ತಮ್ಮ ಸೊಪ್ಪಿದೆ ಎಂದು ಗೊತ್ತಾದ ದಿನ ತಟ್ಟೆಯಲ್ಲಿ ಸೊಪ್ಪು ಉಳಿಯುವುದಿಲ್ಲ.

ಬೆಂಡೆ ಮುಗಿದ ಮೇಲೆ ಒಂದು ಪೂರ್ಣ ತರಗತಿಯನ್ನು ಈ ಪುಸ್ತಕಕ್ಕೇ ಕೊಡಿ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ಬೀಜ, ಗೊಬ್ಬರ, ಬೆಲ್ಲ, ಬೇವಿಗೆ 90 ರೂಪಾಯಿ. ನಾಲ್ವರೂ ಸೇರಿ ಹನ್ನೆರಡು ಗಂಟೆ ಕೆಲಸ, ಗಂಟೆಗೆ 50 ರೂಪಾಯಿಯಂತೆ ಕೂಲಿ ಹಿಡಿದರೆ 600. ಒಟ್ಟು 690. ಬಂದದ್ದು ಐದು ಕೆಜಿ. ಕೆಜಿಗೆ ಬಿದ್ದ ವೆಚ್ಚ 138 ರೂಪಾಯಿ, ಸಂತೆಯಲ್ಲಿ ಬೆಂಡೆ 40ಕ್ಕೆ ಸಿಗುತ್ತಿದೆ. ತರಗತಿ ಒಮ್ಮೆಲೇ ಮಾತಾಡತೊಡಗುತ್ತದೆ. ನಾವು ನಿಧಾನವೋ? ಮಡಿ ಚಿಕ್ಕದಾದ್ದರಿಂದಲೋ? ಹಾಗಾದರೆ ನಲವತ್ತಕ್ಕೆ ಮಾರುವವನಿಗೆ ಕೂಲಿ ಸಿಗುತ್ತಿದೆಯೇ? ಮನೆಯವರ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವೇ?

ಕೊನೆಯ ಪ್ರಶ್ನೆ ಹೆಚ್ಚಾಗಿ ಹುಡುಗಿಯರಿಂದ ಬರುತ್ತದೆ, ಏಕೆಂದರೆ ಕಳೆ ಕೀಳುವ ಅಮ್ಮನ ಗಂಟೆಗಳನ್ನು ಅವರು ಕಂಡಿರುತ್ತಾರೆ. ಆ ದಿನ ಪಾಠವನ್ನು ಮುಗಿಸಲು ಅವಸರಪಡಬೇಡಿ. ಮುಂದಿನ ವಾರ ಎಪಿಎಂಸಿಗೋ ವಾರದ ಸಂತೆಗೋ ಕರೆದೊಯ್ದು, ರೈತನಿಗೆ ಸಿಕ್ಕ ಬೆಲೆ, ಸಾಗಾಣಿಕೆ, ಕಮಿಷನ್, ಚಿಲ್ಲರೆ ಬೆಲೆಗಳನ್ನು ಒಂದೇ ತರಕಾರಿಗೆ ಬರೆದುಕೊಂಡು ಬರಲು ಹೇಳಿ. ಕೃಷಿಕರಾಗುವ ಮಕ್ಕಳಿಗೂ ಆಗದ ಮಕ್ಕಳಿಗೂ ಈ ಲೆಕ್ಕ ಗೊತ್ತಿರಲೇಬೇಕೆಂಬುದು ನನ್ನ ದೃಢವಾದ ನಂಬಿಕೆ. ನಾನು ಶಾಲಾ ಕೃಷಿಯನ್ನು ಇಷ್ಟು ಹಚ್ಚಿಕೊಂಡಿರುವುದೂ ಇದೇ ಕಾರಣಕ್ಕೆ.

ಹೆಜ್ಜೆ 9: ಊರಿನ ಕಸಬುದಾರರನ್ನು ಗುರುಗಳಾಗಿ ಕರೆಯಿರಿ

ಕಸಿ ಕಟ್ಟುವವರು, ಗೇರು ಸಸಿ ಮಾಡುವವರು, ಹಸುವಿನ ಕೆಚ್ಚಲು ನೋಡಿ ರೋಗ ಹೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ತಿಂಗಳಿಗೊಬ್ಬರನ್ನು ಕರೆದು, ಅಧಿಕಾರಿಗಳು ಬಂದಾಗ ಕೊಡುವ ಕುರ್ಚಿಯನ್ನೇ ಕೊಡಿ, ಅದೇ ಗೌರವದಿಂದ ಮಾತಾಡಿಸಿ. ಚಿಕ್ಕಬಳ್ಳಾಪುರ, ಕೋಲಾರ, ರಾಮನಗರದ ಕಡೆ ರೇಷ್ಮೆ ಒಳ್ಳೆಯ ಆಯ್ಕೆ. ಮೊಟ್ಟೆ ಒಡೆದದ್ದರಿಂದ ಗೂಡಿನವರೆಗೆ ಸುಮಾರು ಒಂದು ತಿಂಗಳೊಳಗೆ ಮುಗಿಯುವುದರಿಂದ ರಜೆಯ ತೊಂದರೆ ಇಲ್ಲ.

ಮಳೆಗಾಲದಲ್ಲಿ ಗೂಟಿ ಕಟ್ಟುವುದನ್ನು, ಅಂದರೆ ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸುವುದನ್ನು, ತಪ್ಪದೆ ಮಾಡಿಸಿ. ದಾಳಿಂಬೆ ಅಥವಾ ಸೀಬೆಯ ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ, ಒಂದು ಅಂಗುಲ ಅಗಲಕ್ಕೆ ಸುತ್ತಲೂ ತೊಗಟೆ ತೆಗೆಯಿರಿ. ಒಳಗಿನ ಜಾರುವ ಪೊರೆಯನ್ನು ಚಾಕುವಿನ ಬೆನ್ನಿನಿಂದ ಕೆರೆಯಿರಿ, ಅದು ಉಳಿದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ. ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಮುಷ್ಟಿಯಷ್ಟು ಹೊದಿಸಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಿರಿ. ನಾಲ್ಕರಿಂದ ಆರು ವಾರದಲ್ಲಿ ಬಿಳಿ ಬೇರು ಹಾಳೆಯೊಳಗಿಂದ ಕಾಣುತ್ತದೆ. ತೊಗಟೆ ತೆಗೆದರೂ ಕೊಂಬೆ ಒಣಗಲಿಲ್ಲವೇಕೆ ಎಂದು ಕೇಳಿ. ನೀರು ಏರುವ ಕ್ಸೈಲಂ ಒಳಗಿನ ಕಟ್ಟಿಗೆಯಲ್ಲಿದೆ, ಅದನ್ನು ನಾವು ಮುಟ್ಟಿಲ್ಲ. ಎಲೆಯ ಆಹಾರ ಇಳಿಯುವ ಫ್ಲೋಯಂ ತೊಗಟೆಯೊಂದಿಗೆ ಹೋಗಿದೆ, ಆಹಾರ ಕತ್ತರಿಸಿದ ಅಂಚಿನ ಮೇಲೆ ನಿಂತು ಬೇರಿಗೆ ದಾರಿಯಾಗಿದೆ. ಈ ಚಿತ್ರವನ್ನು ಪರೀಕ್ಷೆಯಲ್ಲಿ ಬರೆಯಲು ಮಗು ಬಾಯಿಪಾಠ ಮಾಡಬೇಕಾಗಿಲ್ಲ.

ಹೆಜ್ಜೆ 10: ಅಂಕ, ರಜೆ, ಮುಂದಿನ ದಾರಿ

ಇಳುವರಿಗೆ ಅಂಕ ಕೊಡಬೇಡಿ, ಮಳೆ ಮತ್ತು ಮಂಗಗಳ ಕೈಯಲ್ಲಿ ಇರುವುದಕ್ಕೆ ಮಗು ಹೊಣೆಯಲ್ಲ. ಪುಸ್ತಕದ ಪ್ರಾಮಾಣಿಕತೆಗೆ, ಸರದಿ ಪಾಲಿಸಿದ್ದಕ್ಕೆ, ಒಂದು ಕೈಚಳಕವನ್ನು ಎದುರಿಗೇ ಮಾಡಿ ತೋರಿಸಿದ್ದಕ್ಕೆ ಕೊಡಿ. ಎಂಟು, ಒಂಬತ್ತನೇ ತರಗತಿಯ ರೂಪಣಾತ್ಮಕ ಮೌಲ್ಯಮಾಪನದ ಯೋಜನಾ ಕಾರ್ಯವಾಗಿ ಇದನ್ನೇ ಇಟ್ಟುಕೊಂಡರೆ ಪ್ರತ್ಯೇಕ ಚಾರ್ಟು, ಥರ್ಮೊಕೋಲಿನ ಖರ್ಚು ಪೋಷಕರಿಗೆ ತಪ್ಪುತ್ತದೆ.

ಹತ್ತನೇ ತರಗತಿಯವರಿಗೆ ಜನವರಿಯಲ್ಲೇ ಮುಂದಿನ ದಾರಿ ಹೇಳಿ. ಎಸ್‌ಎಸ್‌ಎಲ್‌ಸಿ ನಂತರ ಕೃಷಿ ವಿಶ್ವವಿದ್ಯಾಲಯಗಳು ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಐಟಿಐ ಇದೆ. ಪಿಯು ವಿಜ್ಞಾನ ಓದಿ ಸಿಇಟಿ ಮೂಲಕ ಬಿಎಸ್‌ಸಿ ಕೃಷಿ, ತೋಟಗಾರಿಕೆಗೆ ಹೋಗುವ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ, ಬೀಜ, ಗೊಬ್ಬರ, ಸಲಕರಣೆಗಳನ್ನು ಕೈಯಲ್ಲಿ ಹಿಡಿದು ಬೆಳೆದವರಿಗೆ ಅದು ಕಷ್ಟವಾಗದು.

ಬೆಳೆ ಮುಗಿಯುತ್ತಾ ಬಂದಾಗ ಪ್ರತಿ ಮಡಿಯ ಒಳ್ಳೆಯ ಎರಡು ಗಿಡಗಳ ಕಾಯಿಯನ್ನು ಒಣಗಲು ಬಿಟ್ಟು ಬೀಜ ಬಿಡಿಸಿ. ಬೂದಿ ಬೆರೆಸಿ, ಮುಚ್ಚಳ ಬಿಗಿಯಾದ ಬಾಟಲಿಯಲ್ಲಿ ತುಂಬಿ, ಬೆಳೆ, ತಳಿ, ಕೊಯ್ದ ತಿಂಗಳು, ಗುಂಪಿನ ಹೆಸರು ಬರೆದ ಚೀಟಿ ಅಂಟಿಸಿ. ಖಾಲಿ ಮಡಿಗಳ ಮೇಲೆ ಒಣ ಎಲೆಯನ್ನು ಗೇಣುದ್ದ ಹೊದಿಸಿದರೆ ಬೇಸಿಗೆಯಲ್ಲಿ ಮಣ್ಣು ಸುಡುವುದಿಲ್ಲ. ಗುದ್ದಲಿಗಳನ್ನು ತೊಳೆದು ಎಣ್ಣೆ ಸವರಿ ಎಣಿಸಿ ಕಪಾಟಿಗೆ ಹಾಕಿ, ಬೀಗದ ಕೈಯನ್ನು ಮುಖ್ಯಶಿಕ್ಷಕರಿಗೆ ಕೊಡಿ. ಹತ್ತನೆಯವರು ಹೊರಡುವ ಮುನ್ನ ತಮ್ಮ ಲೆಕ್ಕದ ಪುಸ್ತಕಗಳನ್ನು ಒಂಬತ್ತನೆಯವರಿಗೆ ಓದಿ ಹೇಳಿ ಒಪ್ಪಿಸಲಿ. ಮುಂದಿನ ಜೂನ್‌ನಲ್ಲಿ ಯಾವ ಮಡಿಗೆ ಯಾವ ಬೆಳೆ ಹಾಕಬಾರದು ಎಂಬ ಪಟ್ಟಿಯೂ ಆ ಪುಸ್ತಕದ ಕೊನೆಯ ಪುಟದಲ್ಲಿರಬೇಕು. ಬೆಂಡೆ ಇದ್ದ ಮಡಿಗೆ ಮತ್ತೆ ಬೆಂಡೆ ಬೇಡ, ಅವರೆ ಇದ್ದಲ್ಲಿಗೆ ಸೊಪ್ಪು ಬರಲಿ.